ಸಾಲದ ದಾಖಲೆ: ಅಳಿಸಿಕೊಡುವವರನ್ನು ನಂಬಬೇಡಿ, ತಿದ್ದಿಸಿಕೊಳ್ಳುವುದನ್ನು ಕಲಿಯಿರಿ

(ಸಂಘದ ವಾರ್ಷಿಕ ಸಭೆಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ವಿದ್ಯೆಯ ಮಹತ್ವದ ಬಗ್ಗೆ ಈ ವೇದಿಕೆಯಿಂದ ಪ್ರತಿ ವರ್ಷ ಒಳ್ಳೆಯ ಮಾತುಗಳನ್ನು ಕೇಳುತ್ತಾ ಬಂದಿದ್ದೀರಿ. ಇಂದು ನಾನು ಹೇಳಲಿರುವುದು ವಿದ್ಯೆಗೆ ಹಣ ಹೊಂದಿಸುವ ವಿಷಯ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಹಣ ಕೇಳಲು ಹೋದಾಗ ನಮಗಿಂತ ಮೊದಲೇ ಬ್ಯಾಂಕಿನ ಮೇಜಿನ ಮೇಲೆ ಹೋಗಿ ಕುಳಿತಿರುವ ಒಂದು ಕಾಗದದ ವಿಷಯ. ನಮ್ಮ ಜನ ಅದನ್ನು 'ಸಿಬಿಲ್' ಎಂದು ಕರೆಯುತ್ತಾರೆ. ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತವನು ನಾನು. ಆದರೂ ಈ ಕಾಗದದ ಬೆಲೆ ನನಗೆ ಪೂರ್ತಿ ತಿಳಿದದ್ದು ನಿವೃತ್ತನಾದ ಮೇಲೆ. ಅದೂ ನನ್ನದೇ ಒಂದು ತಪ್ಪಿನಿಂದ. ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

2018ರಲ್ಲಿ ನಾನಿದ್ದ ಶಾಖೆಯಲ್ಲಿ ಹಳೆಯ ಸಾಲಗಳ ಇತ್ಯರ್ಥಕ್ಕೆ ಒಂದು ಶಿಬಿರ ನಡೆಯಿತು. ಗ್ಯಾರೇಜ್ ಇಟ್ಟುಕೊಂಡಿದ್ದ ಒಬ್ಬರು ಬಂದಿದ್ದರು. ಹೆಸರು ಹೇಳುವುದಿಲ್ಲ. ಲೇತ್ ಯಂತ್ರಕ್ಕೆಂದು ತೆಗೆದ ಸಾಲದಲ್ಲಿ 1,40,000 ರೂಪಾಯಿ ಬಾಕಿ ಉಳಿದಿತ್ತು. 85,000 ಕಟ್ಟಿದರೆ ಉಳಿದ 55,000 ಬಿಡಲಾಗುವುದು ಎಂದು ತೀರ್ಮಾನವಾಯಿತು. "ಇಷ್ಟು ಕಟ್ಟಿದರೆ ಮುಗೀತಾ ಸಾಹೇಬ್ರೇ?" ಎಂದು ಅವರು ಕೇಳಿದರು. "ಮುಗೀತು, ಹೋಗಿ ಬನ್ನಿ" ಎಂದೆ ನಾನು. ಎಲ್ಲಿಂದಲೋ ಸಾಲ ಸೋಲ ಮಾಡಿ ಹಣ ತಂದು ಕಟ್ಟಿದರು. ನನ್ನ ಶಾಖೆಯ ವಸೂಲಿ ಗುರಿ ಮುಟ್ಟಿತು. ನಾನು ಸಂತೋಷಪಟ್ಟೆ.

2024ರಲ್ಲಿ ಅವರ ಮಗಳಿಗೆ ಸಿ.ಇ.ಟಿ.ಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದರು. ಇಂತಹ ಸಾಲದಲ್ಲಿ ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಮಾಡಬೇಕಾಗುತ್ತದೆ. ತಂದೆಯ ದಾಖಲೆ ತೆಗೆದು ನೋಡಿದ ಬ್ಯಾಂಕು ಅರ್ಜಿಯನ್ನು ಹಿಂದಿರುಗಿಸಿತು. ಆ ದಾಖಲೆಯಲ್ಲಿ ಹಳೆಯ ಲೇತ್ ಸಾಲದ ಮುಂದೆ 'ಸೆಟಲ್ಡ್' ಎಂಬ ಒಂದು ಪದವಿತ್ತು. ಅವರು ನನ್ನ ಮನೆಗೆ ಬಂದು ಕೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: "ಸಾಹೇಬ್ರೇ, ಅವತ್ತು ನೀವೇ ಮುಗೀತು ಅಂದಿದ್ರಲ್ಲ. ಮುಗೀಲಿಲ್ಲವಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಅದು ಮುಗಿದಿತ್ತು. ಅವರ ದಾಖಲೆಯಲ್ಲಿ ಮುಗಿದಿರಲಿಲ್ಲ. ಈ ವ್ಯತ್ಯಾಸವನ್ನು ಅಂದು ಒಂದು ಮಾತಿನಲ್ಲಿ ಹೇಳಬೇಕಾದ ಕರ್ತವ್ಯ ನನ್ನದಾಗಿತ್ತು. ಹೇಳಲಿಲ್ಲ.

ಏನಿದು ದಾಖಲೆ?

ಆತ್ಮೀಯರೇ, ನಮ್ಮ ದೇಶದಲ್ಲಿ ಸಾಲದ ಮಾಹಿತಿಯನ್ನು ಕಾಯ್ದಿಡಲು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ನಾಲ್ಕು ಕಂಪೆನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಇವುಗಳಲ್ಲಿ 2000ದಲ್ಲಿ ಆರಂಭವಾದ ಸಿಬಿಲ್ ಎಲ್ಲಕ್ಕಿಂತ ಹಳೆಯದು. ಆದ್ದರಿಂದಲೇ ಅದರ ಹೆಸರು ಜನರ ಬಾಯಲ್ಲಿ ಉಳಿಯಿತು. ಇವೆಲ್ಲವೂ 2005ರ ಸಾಲ ಮಾಹಿತಿ ಕಂಪೆನಿಗಳ ನಿಯಂತ್ರಣ ಕಾಯಿದೆಯ ಅಡಿಯಲ್ಲಿ ನಡೆಯುತ್ತವೆ. ನೀವು ಸಾಲ ಪಡೆದ ಬ್ಯಾಂಕು, ಫೈನಾನ್ಸ್ ಕಂಪೆನಿ, ಕ್ರೆಡಿಟ್ ಕಾರ್ಡ್ ಸಂಸ್ಥೆ ಎಲ್ಲವೂ ನಿಮ್ಮ ಕಂತಿನ ವಿವರವನ್ನು ಇವುಗಳಿಗೆ ಕಳುಹಿಸುತ್ತಲೇ ಇರುತ್ತವೆ. ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳುಹಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂದಿತು. ಬಂದ ಮಾಹಿತಿಯನ್ನು ಕಂಪೆನಿಗಳು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು.

ಈ ಮಾಹಿತಿಯಿಂದಲೇ 300ರಿಂದ 900ರವರೆಗಿನ ಒಂದು ಅಂಕ ಹುಟ್ಟುತ್ತದೆ. ಕಂತು ದಿನಕ್ಕೆ ಸರಿಯಾಗಿ ಕಟ್ಟಿದ್ದೀರಾ, ಕ್ರೆಡಿಟ್ ಕಾರ್ಡಿನ ಮಿತಿಯಲ್ಲಿ ಎಷ್ಟು ಭಾಗ ಬಳಸುತ್ತಿದ್ದೀರಿ, ಸಾಲದ ಅನುಭವ ಎಷ್ಟು ವರ್ಷದ್ದು, ಸ್ವಲ್ಪ ಸಮಯದಲ್ಲೇ ಎಷ್ಟು ಕಡೆ ಅರ್ಜಿ ಹಾಕಿದ್ದೀರಿ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ನೆನಪಿಡಿ. ಸಿಬಿಲ್ ಯಾರಿಗೂ ಸಾಲ ಕೊಡುವುದಿಲ್ಲ, ಯಾರ ಸಾಲವನ್ನೂ ತಡೆಯುವುದಿಲ್ಲ. ಅದು ಬ್ಯಾಂಕುಗಳು ಬರೆದು ಕಳುಹಿಸಿದ್ದನ್ನು ಇಟ್ಟುಕೊಳ್ಳುವ ದಫ್ತರ ಅಷ್ಟೇ. ಬರೆದವರು ಒಪ್ಪದೆ ಅಲ್ಲಿನ ಒಂದು ಅಕ್ಷರವನ್ನೂ ಆ ದಫ್ತರ ತಾನಾಗಿ ಬದಲಿಸಲಾಗದು. ಇದನ್ನು ಅರಿತವರು ಮೋಸ ಹೋಗುವುದಿಲ್ಲ.

"ಎರಡೇ ವಾರದಲ್ಲಿ ಕ್ಲೀನ್ ಮಾಡಿಕೊಡ್ತೀವಿ"

ನಮ್ಮ ಗ್ಯಾರೇಜಿನ ಸಹೋದರರಿಗೆ ಇದು ತಿಳಿದಿರಲಿಲ್ಲ. ನನ್ನ ಬಳಿ ಬರುವ ಮೊದಲೇ ಅವರು ಇನ್ನೊಬ್ಬನ ಬಳಿ ಹೋಗಿದ್ದರು. ಮೊಬೈಲಿನಲ್ಲಿ ಬಂದ ಜಾಹೀರಾತು, ಸಿಹಿಯಾದ ಮಾತು: "ಸಿಬಿಲ್ ಆಫೀಸಿನಲ್ಲಿ ನಮ್ಮ ಜನ ಇದ್ದಾರೆ. ಎರಡೇ ವಾರದಲ್ಲಿ ನಿಮ್ಮ ರೆಕಾರ್ಡ್ ಕ್ಲೀನ್ ಮಾಡಿಕೊಡ್ತೀವಿ. ಹನ್ನೆರಡು ಸಾವಿರ ಆಗುತ್ತೆ." ಹಣ ಕಳುಹಿಸಿದರು. ಪ್ಯಾನ್ ಕಾರ್ಡ್, ಆಧಾರ್, ಒಂದು ಸೆಲ್ಫಿ ಕೇಳಿದ, ಕೊಟ್ಟರು. ಫೋನಿಗೆ ಬಂದ ಓ.ಟಿ.ಪಿ.ಗಳನ್ನು ಓದಿ ಹೇಳಿದರು. ಎರಡು ವಾರದ ಮೇಲೆ ಆ ನಂಬರು ಹೋಗಲಿಲ್ಲ.

ಮುಂದೆ ನಾವು ದಾಖಲೆ ತೆಗೆಸಿ ನೋಡಿದಾಗ, ಅಳಿಯಬೇಕಾದದ್ದು ಹಾಗೆಯೇ ಇತ್ತು. ಜೊತೆಗೆ ಹೊಸದೊಂದು ಸೇರಿತ್ತು. ಅವರ ಹೆಸರಿನಲ್ಲಿ ಒಂದು ಆ್ಯಪ್ ಮೂಲಕ 18,000 ರೂಪಾಯಿಯ ಸಾಲ! ಕಂತು ಕಟ್ಟಿಲ್ಲ ಎಂಬ ಗುರುತು ಬೇರೆ. ದಾಖಲೆ ತೊಳೆಸಲು ಹೋದವರು ಇನ್ನೊಂದು ಕಲೆ ಹಚ್ಚಿಸಿಕೊಂಡು ಬಂದಿದ್ದರು.

ಇಂತಹವರನ್ನು ಗುರುತಿಸುವುದು ಕಷ್ಟವಲ್ಲ. ಕೆಲಸಕ್ಕೆ ಮೊದಲೇ ಹಣ ಕೇಳುತ್ತಾರೆ. ನಿಜವಾದ ಬಾಕಿಯನ್ನೂ ಅಳಿಸಿಕೊಡುತ್ತೇವೆ ಎನ್ನುತ್ತಾರೆ. ಇಷ್ಟೇ ಅಂಕ ಬರುತ್ತದೆ, ಇಷ್ಟೇ ದಿನದಲ್ಲಿ ಬರುತ್ತದೆ ಎಂದು ಭರವಸೆ ಕೊಡುತ್ತಾರೆ. ಒಳಗೆ ನಮ್ಮವರಿದ್ದಾರೆ ಎನ್ನುತ್ತಾರೆ. ಬ್ಯಾಂಕಿನವರೊಂದಿಗೆ ನೀವು ಮಾತನಾಡಬೇಡಿ ಎನ್ನುತ್ತಾರೆ. ಓ.ಟಿ.ಪಿ., ಪಾಸ್‌ವರ್ಡ್ ಕೇಳುತ್ತಾರೆ. ಈ ಆರರಲ್ಲಿ ಒಂದು ಮಾತು ಕಿವಿಗೆ ಬಿದ್ದರೂ ಫೋನ್ ಇಟ್ಟುಬಿಡಿ. ಅಮೆರಿಕದಲ್ಲಿ ಇಂತಹ ಸಂಸ್ಥೆಗಳ ಹಾವಳಿ ಹೆಚ್ಚಾಗಿ, ಕೆಲಸ ಮುಗಿಯುವ ಮೊದಲು ಹಣ ಪಡೆಯಬಾರದೆಂದು 1996ರಲ್ಲಿಯೇ ಕಾನೂನು ಮಾಡಿದರು. ನಮ್ಮಲ್ಲಿಯೂ, ಸಾಲ ಮನ್ನಾ ಪತ್ರ ಕೊಡಿಸುತ್ತೇವೆಂದು ಜಾಹೀರಾತು ಕೊಟ್ಟು ಜನರಿಂದ ಶುಲ್ಕ ಕೀಳುತ್ತಿದ್ದವರ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿತು. ಹಾಗೆ ಪತ್ರ ಕೊಡುವ ಅಧಿಕಾರ ಅವರಿಗಿಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ಹಣ ಹೋಗಿಯೇ ಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧದ ದೂರು ದಾಖಲಿಸಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಸಿಗುವ ಆಸೆ ಕಡಿಮೆ.

ನೀವೇ ಮಾಡಬಹುದಾದ ಕೆಲಸ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆ ಹನ್ನೆರಡು ಸಾವಿರದವನು ಮಾಡುತ್ತೇನೆಂದ ಕೆಲಸದಲ್ಲಿ ಕಾನೂನುಬದ್ಧವಾಗಿ ಆಗುವಂಥದ್ದು ಎಷ್ಟಿದೆಯೋ, ಅಷ್ಟನ್ನೂ ನೀವು ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದು. ನಮ್ಮ ವಿಷಯದಲ್ಲಿ ಅದನ್ನು ಮಾಡಿದ್ದು ಆ ಹುಡುಗಿಯೇ. ನಾನು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟೆ.

ಮೊದಲನೆಯದಾಗಿ, ದಾಖಲೆ ತರಿಸಿಕೊಳ್ಳಿ. ಪ್ರತಿಯೊಂದು ಕಂಪೆನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಆದೇಶಿಸಿತು. 2017ರಿಂದ ಅದು ಜಾರಿಯಲ್ಲಿದೆ. ನಾಲ್ಕು ಕಂಪೆನಿಗಳಿರುವುದರಿಂದ ವರ್ಷಕ್ಕೆ ನಾಲ್ಕು ವರದಿ. ಕಂಪೆನಿಯ ಸ್ವಂತ ಜಾಲತಾಣದಲ್ಲಿಯೇ ಕೇಳಿ, ಮಧ್ಯೆ ಬರುವ ಆ್ಯಪ್‌ಗಳಲ್ಲಿ ಅಲ್ಲ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಕಡಿಮೆಯಾಗುತ್ತದೆ ಎಂಬುದು ಸುಳ್ಳು. ಬ್ಯಾಂಕು ನಿಮ್ಮ ವರದಿ ನೋಡಿ ಅರ್ಜಿ ತಿರಸ್ಕರಿಸಿದ್ದರೆ, ತಾನು ನೋಡಿದ ವರದಿಯ ಪ್ರತಿಯನ್ನು ಕೊಡುವಂತೆ ಆ ಬ್ಯಾಂಕನ್ನು ಕೇಳುವ ಹಕ್ಕೂ 2005ರ ಕಾಯಿದೆಯಲ್ಲಿದೆ.

ಎರಡನೆಯದಾಗಿ, ಪೆನ್ನು ಹಿಡಿದು ಓದಿ. ಹೆಸರು, ಹುಟ್ಟಿದ ದಿನಾಂಕ, ಪ್ಯಾನ್ ಸಂಖ್ಯೆ, ವಿಳಾಸ ಸರಿ ಇವೆಯೇ? ನಮ್ಮಲ್ಲಿ ಒಂದೇ ಹೆಸರಿನ ಹತ್ತು ಜನ ಒಂದೇ ಮೊಹಲ್ಲಾದಲ್ಲಿ ಸಿಗುತ್ತಾರೆ. ಒಂದೇ ಹೆಸರನ್ನು ಶಾಲೆಯಲ್ಲಿ ಒಂದು ರೀತಿ, ಆಧಾರಿನಲ್ಲಿ ಒಂದು ರೀತಿ, ಪ್ಯಾನಿನಲ್ಲಿ ಇನ್ನೊಂದು ರೀತಿ ಬರೆದಿರುತ್ತಾರೆ. ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಬಂದು ಸೇರಲು ಇಷ್ಟು ಸಾಕು. ಆಮೇಲೆ ಪ್ರತಿಯೊಂದು ಸಾಲವನ್ನೂ ನೋಡಿ. ಇದು ನನ್ನದೇ? ತೀರಿಸಿದ ಸಾಲಕ್ಕೆ 'ಕ್ಲೋಸ್ಡ್' ಎಂದು ಬರೆದಿದೆಯೇ? ಬಾಕಿ ಸೊನ್ನೆ ಇದೆಯೇ?

ಮೂರನೆಯದಾಗಿ, ತಪ್ಪಿದ್ದರೆ ಅದೇ ಜಾಲತಾಣದಲ್ಲಿ ತಕರಾರು ದಾಖಲಿಸಿ. ಯಾವ ಖಾತೆ, ಏನು ತಪ್ಪು, ಪುರಾವೆ ಏನು ಎಂಬುದನ್ನು ಸರಳವಾಗಿ ಬರೆಯಿರಿ. ಅದೇ ದಿನ ಸಂಬಂಧಪಟ್ಟ ಬ್ಯಾಂಕಿಗೂ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಅದು ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕಿಗೆ ಸಿಗುವುದು 21 ದಿನ. ಅವಧಿ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ನಿಮಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶಿಸಿತು. 2024ರ ಏಪ್ರಿಲಿನಿಂದ ಅದು ಜಾರಿಗೆ ಬಂದಿದೆ. ನಿಮ್ಮ ತಕರಾರನ್ನು ಒಪ್ಪದಿದ್ದರೆ ಬ್ಯಾಂಕು ಅದಕ್ಕೆ ಕಾರಣವನ್ನೂ ತಿಳಿಸಬೇಕು.

ನಾಲ್ಕನೆಯದಾಗಿ, ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ನ್ಯಾಯವೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಿ. ಇದಕ್ಕೂ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಾಲ ಮಾಹಿತಿ ಕಂಪೆನಿಗಳು 2022ರ ಸೆಪ್ಟೆಂಬರ್ 1ರಿಂದ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ. ಮಾಹಿತಿ ಬೇಕಿದ್ದರೆ 14448ಕ್ಕೆ ಕರೆ ಮಾಡಿ.

ಆ ಆ್ಯಪ್ ಸಾಲದ ಬಗ್ಗೆ ಹುಡುಗಿ ಇಷ್ಟನ್ನೇ ಮಾಡಿದಳು. ಪೊಲೀಸ್ ದೂರಿನ ಪ್ರತಿಯನ್ನು ಲಗತ್ತಿಸಿದಳು. ಇಪ್ಪತ್ತಾರನೆಯ ದಿನಕ್ಕೆ ಆ ಸಾಲ ವರದಿಯಿಂದ ಹೋಯಿತು. ಅಂದು ಅವಳು ಕೇಳಿದಳು: "ಚಾಚಾ, ಇಷ್ಟು ಮಾಡೋಕೆ ಅವನು ಅಬ್ಬಾ ಹತ್ರ ಹನ್ನೆರಡು ಸಾವಿರ ತಗೊಂಡನಾ?" ಇಲ್ಲ ಮಗಳೇ, ಅವನು ಇಷ್ಟನ್ನೂ ಮಾಡಲಿಲ್ಲ ಎಂದೆ.

ನಿಜವಾದ ಕಲೆಗೆ ಏನು ಮದ್ದು?

ಸುಳ್ಳು ಹೋಯಿತು. ಆದರೆ ಲೇತ್ ಸಾಲದ 'ಸೆಟಲ್ಡ್' ಎಂಬ ಪದ ಸುಳ್ಳಲ್ಲವಲ್ಲ. ತಕರಾರು ಹಾಕಿ ಅದನ್ನು ಅಳಿಸಲು ಬರುವುದಿಲ್ಲ. ಪೂರ್ತಿ ಕೊಡಲಿಲ್ಲ, ಒಪ್ಪಂದದಲ್ಲಿ ಬಿಟ್ಟುಕೊಟ್ಟೆವು ಎಂದು ಆ ಪದದ ಅರ್ಥ. 'ರೈಟನ್ ಆಫ್' ಎಂಬುದು ಇನ್ನೂ ಕೆಟ್ಟದ್ದು. ವಸೂಲಾಗದೆಂದು ಬ್ಯಾಂಕು ಲೆಕ್ಕದಿಂದ ತೆಗೆದದ್ದು ಅದು. 'ಕ್ಲೋಸ್ಡ್' ಎಂದರೆ ಮಾತ್ರ ಪೂರ್ತಿ ತೀರಿತು ಎಂದು. ಇತ್ಯರ್ಥ ಶಿಬಿರಕ್ಕೆ ಹೋಗುವ ಪ್ರತಿಯೊಬ್ಬರೂ ಹಣ ಕಟ್ಟುವ ಮೊದಲೇ ಕೇಳಿ: "ಇದನ್ನು ಹೇಗೆ ಬರೆಯುತ್ತೀರಿ?" ನಿಜವಾಗಿಯೂ ಕೈಲಾಗದವರಿಗೆ ಇತ್ಯರ್ಥ ಒಂದು ದಾರಿಯೇ, ಅದನ್ನು ತಪ್ಪೆನ್ನುವುದಿಲ್ಲ. ಆದರೆ ಅದರ ಬೆಲೆ ತಿಳಿದೇ ಸಹಿ ಮಾಡಿ.

ಇದಕ್ಕೆ ಮದ್ದು ಒಂದೇ. ಬ್ಯಾಂಕಿಗೆ ಹೋಗಿ, ಅಂದು ಬಿಟ್ಟ ಹಣವನ್ನು ಈಗ ಕಟ್ಟುತ್ತೇನೆ, ಖಾತೆಯನ್ನು 'ಕ್ಲೋಸ್ಡ್' ಎಂದು ತಿದ್ದಿ ಕಳುಹಿಸಿ ಎಂದು ಲಿಖಿತವಾಗಿ ಕೇಳುವುದು. ಬ್ಯಾಂಕು ಒಪ್ಪಿದರೆ ಕಟ್ಟಿ, ಬಾಕಿ ಇಲ್ಲ ಎಂಬ ಪ್ರಮಾಣಪತ್ರ ಪಡೆದು ಜೋಪಾನವಾಗಿಡಿ. ಆ ಸಹೋದರರೊಂದಿಗೆ ಹಳೆಯ ಶಾಖೆಗೆ ನಾನೇ ಹೋದೆ. ನನ್ನ ಕುರ್ಚಿಯಲ್ಲಿ ಈಗ ಬೇರೆಯವರು ಕುಳಿತಿದ್ದಾರೆ. ಅವರ ಎದುರು, ಅಂದು ವಿವರಿಸದೇ ಹೋದದ್ದು ನನ್ನ ತಪ್ಪು ಎಂದು ಹೇಳಿದೆ. 55,000 ರೂಪಾಯಿಯನ್ನು ಮೂರು ಸಲ ಕಟ್ಟಲು ಒಪ್ಪಿಗೆ ಸಿಕ್ಕಿತು. ಕೊನೆಯ ಕಂತು ಕಟ್ಟಿದ ಮೇಲೆ ದಾಖಲೆ ಬದಲಾಯಿತು. ಆದರೆ ಹಳೆಯ ತಡವಾದ ತಿಂಗಳುಗಳ ಗುರುತು ಒಮ್ಮೆಲೇ ಹೋಗುವುದಿಲ್ಲ. ಅದರ ಮೇಲೆ ಸರಿಯಾಗಿ ಕಟ್ಟಿದ ಹೊಸ ತಿಂಗಳುಗಳು ಒಂದೊಂದಾಗಿ ಕೂಡಬೇಕು. ಇಲ್ಲಿ ಅಡ್ಡದಾರಿ ಇಲ್ಲ.

ವಿದ್ಯಾರ್ಥಿಗಳಿಗೆ ಒಂದೆರಡು ಮಾತು

ಮಕ್ಕಳೇ, ಇದೆಲ್ಲ ಅಬ್ಬಾ ಅಮ್ಮಿಯರ ವಿಷಯ ಎಂದುಕೊಳ್ಳಬೇಡಿ. ಬಡ್ಡಿಯ ಕಾರಣದಿಂದ ಬ್ಯಾಂಕಿನ ಸಾಲವನ್ನೇ ಮುಟ್ಟದವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ನಿರ್ಧಾರವನ್ನು ಗೌರವಿಸುತ್ತೇನೆ. ಆದರೆ ಅವರ ಹೆಸರೂ ದಾಖಲೆಯಲ್ಲಿ ಇರಬಹುದು. ಬಡ್ಡಿಯಿಲ್ಲದ ಕಂತು ಎಂದು ಅಂಗಡಿಯಲ್ಲಿ ತೆಗೆದುಕೊಂಡ ಮೊಬೈಲ್ ಕೂಡ ಕಾಗದದ ಮೇಲೆ ಫೈನಾನ್ಸ್ ಕಂಪೆನಿಯ ಸಾಲವೇ. ಅದರ ಒಂದು ಕಂತು ತಪ್ಪಿದರೂ ಅಲ್ಲಿ ಬರೆಯಲ್ಪಡುತ್ತದೆ. ಗೆಳೆಯನಿಗೆ ಬೈಕ್ ಸಾಲಕ್ಕಾಗಿ ನಿಮ್ಮ ಪ್ಯಾನ್ ಕಾರ್ಡ್ ಕೊಟ್ಟರೆ ಸಾಲಗಾರರು ನೀವು, ಗೆಳೆಯನಲ್ಲ.

ಜಾಮೀನಿನ ವಿಷಯವೂ ಹಾಗೆಯೇ. "ಬರೀ ಸಹಿ ತಾನೇ ಭಾಯಿ" ಎಂದು ಕೇಳುತ್ತಾರೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅವನು ಕಟ್ಟದಿದ್ದರೆ ಕಲೆ ನಿಮ್ಮ ವರದಿಗೂ ಬರುತ್ತದೆ.

ಶಿಕ್ಷಣ ಸಾಲ ಪಡೆದವರು ಗಮನಿಸಿ. ಓದಿನ ಅವಧಿಯಲ್ಲಿ, ಸಾಮಾನ್ಯವಾಗಿ ಓದು ಮುಗಿದು ಇನ್ನೊಂದು ವರ್ಷದವರೆಗೆ, ಕಂತು ಇರುವುದಿಲ್ಲ. ಅಷ್ಟರಲ್ಲಿ ನೀವು ಬೆಂಗಳೂರಿಗೋ ದುಬೈಗೋ ಹೋಗಿರುತ್ತೀರಿ. ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ. ಕಂತು ಆರಂಭವಾದ ಸುದ್ದಿ ಯಾರಿಗೂ ತಲುಪುವುದಿಲ್ಲ. 90 ದಿನ ಮೀರಿದರೆ ಸಾಲ ವಸೂಲಾಗದ ಪಟ್ಟಿಗೆ ಸೇರುತ್ತದೆ. ನಿಮ್ಮ ಜೊತೆ ಸಹಿ ಮಾಡಿದ ತಂದೆಯ ಹೆಸರೂ ಕೆಡುತ್ತದೆ. ಆಗ ನಿಮ್ಮ ತಂಗಿಯ ಅರ್ಜಿಯ ಗತಿ ಏನು? ಆದ್ದರಿಂದ ನಂಬರು ಬದಲಾದ ದಿನವೇ ಬ್ಯಾಂಕಿಗೆ ತಿಳಿಸಿ.

ಇನ್ನೊಂದು ಧೈರ್ಯದ ಮಾತು. ಇದುವರೆಗೆ ಸಾಲವೇ ಪಡೆಯದ ಕಾರಣಕ್ಕೆ ದಾಖಲೆ ಖಾಲಿ ಇದ್ದರೆ, ಅಷ್ಟರಿಂದಲೇ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಶಿಕ್ಷಣ ಸಾಲದ ವಿಷಯದಲ್ಲಿ ಬ್ಯಾಂಕುಗಳು ಮಾನವೀಯತೆಯಿಂದ ನೋಡಬೇಕು, ವಿದ್ಯಾರ್ಥಿಯ ಅಂಕ ಕಡಿಮೆ ಎಂಬುದಷ್ಟೇ ಕಾರಣವಾಗಬಾರದು ಎಂದು ಕೇರಳ ಹೈಕೋರ್ಟ್ 2023ರ ಮೇ ತಿಂಗಳಲ್ಲಿ ಒಂದು ಪ್ರಕರಣದಲ್ಲಿ ಹೇಳಿತು. ಆದರೆ ಕಾಲೇಜಿನ ಶುಲ್ಕದ ಕೊನೆಯ ದಿನ ಕೋರ್ಟಿಗೆ ಕಾಯುವುದಿಲ್ಲ. ಪಿ.ಯು.ಸಿ. ಎರಡನೆಯ ವರ್ಷಕ್ಕೆ ಕಾಲಿಟ್ಟಾಗಲೇ ಮನೆಯವರ ವರದಿ ತೆಗೆದು ನೋಡಿ. ತಿದ್ದಿಸಲು ಸಮಯವಿರುತ್ತದೆ.

ಕೊನೆಯದಾಗಿ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವ ವಿಷಯದ್ದು ಎಂದು ಬಲ್ಲಿರಾ? ಅಲ್ ಬಕರ ಅಧ್ಯಾಯದ 282ನೆಯ ಸೂಕ್ತ. ಅದು ಸಾಲವನ್ನು ಬರೆದಿಡುವ ವಿಷಯದ್ದು. ಚಿಕ್ಕದಿರಲಿ, ದೊಡ್ಡದಿರಲಿ, ಬರೆದಿಡುವುದಕ್ಕೆ ಬೇಸರಪಡಬಾರದು, ಬರೆಯುವವನು ನ್ಯಾಯವಾಗಿ ಬರೆಯಬೇಕು ಎಂಬ ಬೋಧನೆ ಅದರಲ್ಲಿದೆ. ಸಾಲದ ದಾಖಲೆಗೆ ಹೆದರಬೇಕಾದವರು ನಾವಲ್ಲ. ಅದು ನ್ಯಾಯವಾಗಿರಬೇಕೆಂದು ಕೇಳಬೇಕಾದವರು ನಾವು. ಸುಳ್ಳನ್ನು ಬರೆದಿದ್ದರೆ ತಿದ್ದಿಸುವ ಹಕ್ಕು ನಮ್ಮದು. ನಿಜವನ್ನು ಬರೆದಿದ್ದರೆ ತೀರಿಸುವ ಹೊಣೆ ನಮ್ಮದು. ಇವೆರಡರ ನಡುವೆ ಹಣ ಕೊಟ್ಟು ಅಳಿಸುವ ಮೂರನೆಯ ದಾರಿಯೊಂದಿದೆ ಎಂದು ಹೇಳುವವನು ನಿಮ್ಮ ಜೇಬಿಗೆ ಕೈ ಹಾಕಲು ಬಂದವನು.

ಆ ಹುಡುಗಿಯ ವಿಷಯ ಕೇಳುತ್ತೀರಿ. ದಾಖಲೆ ಸರಿಯಾಗುವ ಹೊತ್ತಿಗೆ ಮೊದಲ ವರ್ಷದ ಶುಲ್ಕದ ದಿನ ಕಳೆದೇ ಹೋಗಿತ್ತು. ತಾಯಿ ತನ್ನ ಬಳೆಗಳನ್ನು ಅಡವಿಟ್ಟು ಕಟ್ಟಿದರು. ಎರಡನೆಯ ವರ್ಷಕ್ಕೆ ಶಿಕ್ಷಣ ಸಾಲ ಮಂಜೂರಾಯಿತು. ಅವಳು ಈಗ ಓದುತ್ತಿದ್ದಾಳೆ. ಬಳೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ. ಆ ಶಿಬಿರದ ದಿನ ನಾನು ಇನ್ನೊಂದು ಮಾತು ಹೇಳಿದ್ದರೆ ಆ ಬಳೆಗಳು ಆ ತಾಯಿಯ ಕೈಯಲ್ಲೇ ಇರುತ್ತಿದ್ದವೋ ಏನೋ. ಅಂದು ಅವರೊಬ್ಬರಿಗೆ ಹೇಳಬೇಕಿದ್ದದ್ದನ್ನು ಇಂದು ನಿಮ್ಮೆಲ್ಲರಿಗೂ ಹೇಳಿದ್ದೇನೆ. ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿ. ಈ ವಾರವೇ ನಿಮ್ಮ ವರದಿ ತರಿಸಿ ನೋಡಿ.

ಅಲ್ಲಾಹನು ನಮ್ಮೆಲ್ಲರನ್ನೂ ಸಾಲದ ಭಾರದಿಂದ ಕಾಪಾಡಲಿ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಶಕ್ತಿಯನ್ನು ಕರುಣಿಸಲಿ ಎಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ. ವಸ್ಸಲಾಮ್.